ಅವನು ಖಾಲಿ ಬಿಟ್ಟ ಜಾಗ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಬಂದಷ್ಟೇ ಬೇಗ ಇಳಿಯುತ್ತದೆ ಎಂದೂ ಹೇಳುತ್ತಾರೆ. ಆ ಶನಿವಾರದ್ದು ಮಾತ್ರ ಇನ್ನೂ ಇಳಿದಿಲ್ಲ.

ಮಗಳಿಗೆ ಆಗ ಹದಿನಾಲ್ಕು. ಲಾಕ್‌ಡೌನಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಫ್ಲೂಟ್ ಕಲಿತವಳು. ಸ್ಯಾನ್ ಡಿಯಾಗೋದ ಸ್ಪರ್ಧೆಗೆ ಅವಳು ಆರಿಸಿಕೊಂಡದ್ದು ಇನ್ನೂರೈವತ್ತು ವರ್ಷದ ಹಿಂದೆ ಒಬ್ಬ ಆಸ್ಥಾನ ಸಂಗೀತಗಾರ ಬರೆದ ಫ್ಲೂಟ್ ಕನ್ಚೆರ್ಟೋ, ಎಂದರೆ ಫ್ಲೂಟ್ ಮುಂದೆ, ವಾದ್ಯವೃಂದ ಜೊತೆಗೆ. ಯಾವುದೋ ಸಣ್ಣ ದೊರೆಯ ಕೈಕೆಳಗೆ ಸಮವಸ್ತ್ರ ತೊಟ್ಟು, ಹೇಳಿದ್ದನ್ನು ಬರೆದುಕೊಟ್ಟು ಸತ್ತವನು. ನಾವಿರುವ ಊರು ಸೆರಿಟೋಸಿನಲ್ಲಿ ಅವನ ಹೆಸರು ಕೇಳಿದವರೇ ಇಲ್ಲ. ನಾನೂ ಕೇಳಿರಲಿಲ್ಲ.

ಮೊದಲ ಭಾಗದ ಕೊನೆಯಲ್ಲಿ ಜೊತೆಯ ವಾದ್ಯಗಳೆಲ್ಲ ನಿಂತುಬಿಡುತ್ತವೆ. ಅಲ್ಲಿ ಅವನು ಏನೂ ಬರೆದಿಲ್ಲ. ಆ ಕಾಲದ ಪದ್ಧತಿಯೇ ಹಾಗಂತೆ, ನುಡಿಸುವವರು ತಮ್ಮದನ್ನು ಕಟ್ಟಿ ನುಡಿಸಬೇಕು. ನಮ್ಮ ಕಚೇರಿಗಳಲ್ಲಿ ಮನೋಧರ್ಮ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದು. ಮಗಳು ಮೂರು ತಿಂಗಳು ಗ್ಯಾರೇಜಿನಲ್ಲಿ ಕಾರಿನ ಪಕ್ಕ ನಿಂತು ಒಂದು ನಿಮಿಷದಷ್ಟು ತನ್ನದನ್ನು ಕಟ್ಟಿದಳು. ಅಡುಗೆಮನೆಗೆ ಎಲ್ಲ ಕೇಳಿಸುತ್ತಿತ್ತು.

ಸ್ಪರ್ಧೆಗೆ ಎರಡು ವಾರವಿರುವಾಗ ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಊಟಕ್ಕೆ ಬಂದರು. ಅವರ ಮಗ ಹಿಂದಿನ ವರ್ಷ ಗೆದ್ದಿದ್ದ.

"ರಿಸ್ಕ್ ಯಾಕೆ ತಗೋತೀರ? ಆ ಜಾಗಕ್ಕೆ ಯಾರೋ ಪ್ರೊಫೆಸರ್ ಬರೆದಿಟ್ಟಿರೋದು ಆನ್‌ಲೈನಲ್ಲೇ ಸಿಗತ್ತೆ. ಅದನ್ನೇ ನುಡಿಸಲಿ, ಸೇಫು."

ನನ್ನದು ಹಿತ್ತಾಳೆ ಕಿವಿ. ಮರುದಿನವೇ ಮಗಳಿಗೆ ಹೇಳಿದೆ, "ಅದನ್ನೇ ನುಡಿಸು. ಇಲ್ಲಾಂದ್ರೆ ನಾನು ಡ್ರೈವ್ ಮಾಡ್ಕೊಂಡು ಬರಲ್ಲ."

ಅವಳು ನನ್ನನ್ನೇ ನೋಡಿ "ಓಕೆ" ಎಂದಳು.

ಆ ಶನಿವಾರ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ನಾನು ಫೋಟೋ ತೆಗೆಯುತ್ತಿದ್ದಾಗ ತೀರ್ಪುಗಾರರಲ್ಲಿ ಒಬ್ಬರು, ನರೆಗೂದಲಿನ ಹೆಂಗಸು, ಬಂದು ಮಗಳ ಹೆಗಲ ಮೇಲೆ ಕೈಯಿಟ್ಟರು. ತುಂಬ ಚೊಕ್ಕವಾಗಿ ನುಡಿಸಿದೆ, ಆದರೆ ಆ ಒಂದು ಜಾಗದಲ್ಲಿ ನಿನ್ನನ್ನು ಕೇಳಬೇಕೆಂದು ಕಾಯುತ್ತಿದ್ದೆ, ಬೇರೆ ಯಾರೋ ಕೇಳಿಸಿದರು, ಎಂದರು. ಮಗಳು ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿದಳು.

ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಬೈದೆ. ಆ ಹೆಂಗಸನ್ನು ಬೈದೆ. ನಮ್ಮ ಮನೆಯ ಊಟ ಉಂಡು ನನ್ನ ತಲೆ ಕೆಡಿಸಿದ ಮಹಾನುಭಾವನನ್ನು ಬೈದೆ, ಟ್ರಾಫಿಕ್ಕನ್ನೂ ಬಿಡಲಿಲ್ಲ. ಆಮೇಲೆ ಬೈಯಲು ಉಳಿದವಳು ನಾನೊಬ್ಬಳೇ. ದೊರೆಯ ಮರ್ಜಿ ಕಾದು ಬದುಕಿದ ಆ ಬಡಪಾಯಿ ಕೂಡ ಗುರುತು ಪರಿಚಯವಿಲ್ಲದವರಿಗೆ ಅಷ್ಟು ಜಾಗ ಬಿಟ್ಟಿದ್ದ. ಹೆತ್ತ ನಾನು ಬಿಡಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಪುಟ್ಟಿ, ಮನೆಗೆ ಹೋದ್ಮೇಲೆ ನಿಂದು ನುಡಿಸ್ತೀಯಾ?"

ಮರೆತುಹೋಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಸುಳ್ಳು ಎಂದು ನನಗೆ ಗೊತ್ತಿತ್ತು. ನೆನಪಿಸೋಣವೆಂದು ನಾನೇ ಗುನುಗಲು ಹೋದೆ. ಎರಡನೇ ಸಾಲಿಗೇ ದಾರಿ ತಪ್ಪಿತು. ಏನೇನೋ ಸೇರಿಸಿ, ಬೇಕೆಂದೇ ಇನ್ನಷ್ಟು ತಪ್ಪು ಗುನುಗಿದೆ.

ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ದಿನಕ್ಕೆ ಹತ್ತು ಸಲ ತಿದ್ದುವ ಹುಡುಗಿ ಕಿಟಕಿಯಾಚೆ ನೋಡುತ್ತ ಕೂತಳು. ಅದನ್ನು ಮಾತ್ರ ತಿದ್ದಲಿಲ್ಲ.