ಕಂಬದ ಆಚೆ ಕಡೆಯ ಕೈ

ಆ ಕಾಲದಲ್ಲಿ ಬ್ಯಾಂಕಿನವರ ಮಕ್ಕಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಅಲ್ಲದೆ ಇನ್ನೊಂದು ಕಾಲವಿತ್ತು. ಅದು ವರ್ಗದ ಕಾಲ. ಪರೀಕ್ಷೆ ಮುಗಿದು ಮಾವಿನಕಾಯಿ ಪೇಟೆಗೆ ಬರುವ ಹೊತ್ತಿಗೆ ಅದು ಶುರುವಾಗುತ್ತಿತ್ತು. ಅಪ್ಪ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಅವರ ಮುಖ ನೋಡುತ್ತಿದ್ದಳು. ವರ್ಗದ ಆರ್ಡರು ಬಂದಿಲ್ಲವೆಂದು ಅಪ್ಪ ತಲೆ ಅಲ್ಲಾಡಿಸುತ್ತಿದ್ದರು. ಅವ್ವ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ನಿಮ್ಮಲ್ಲಿ ಯಾರ ಅಪ್ಪಂದಿರು ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಇದ್ದರೋ ಅವರಿಗೆ ಈ ತಲೆ ಅಲ್ಲಾಡಿಸುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಧಾರವಾಡದವರು. ನನಗೆ ಆರು ವರ್ಷವಾಗಿದ್ದಾಗ ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಸಾಮಾನು ತುಂಬಿ ತಂದಿದ್ದ ಕಟ್ಟಿಗೆಯ ಪೆಟ್ಟಿಗೆಗಳನ್ನು ಅವ್ವ ಯಾರಿಗೂ ಒಡೆಯಲು ಬಿಡಲಿಲ್ಲ. ಎರಡನ್ನು ಜೋಡಿಸಿ, ಮೇಲೆ ಚಾದರ ಹಾಸಿ, ಅದನ್ನೇ ದಿವಾನ ಮಾಡಿದಳು. ವಾಪಸು ಹೋಗುವಾಗ ಬೇಕಲ್ಲ! ಮೂರು ವರ್ಷ ಬಂದ ನೆಂಟರೆಲ್ಲ ಆ ಪೆಟ್ಟಿಗೆಗಳ ಮೇಲೆ ಕೂತು ಚಹಾ ಕುಡಿದು ಹೋದರು.

ಅವ್ವ ತೆಲುಗು ಕಲಿಯಲಿಲ್ಲ. ಕಲಿತರೆ ಇಲ್ಲೇ ಉಳಿಯಬೇಕಾದೀತು ಎನ್ನುವಂತೆ ಹಟ ಹಿಡಿದಿದ್ದಳು. ಧಾರವಾಡದಲ್ಲಿ ಓಣಿ ತುಂಬ ಮಾತಾಡಿಕೊಂಡಿದ್ದ ಹೆಂಗಸು ಇಲ್ಲಿ ತರಕಾರಿಯವಳಿಗೆ ಬದನೆಕಾಯಿಯನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಮೊದಲ ಆರು ತಿಂಗಳು ಎದುರು ಮನೆಯವರು ಅವಳನ್ನು ಮೂಕಿ ಎಂದೇ ತಿಳಿದಿದ್ದರಂತೆ. ಇದನ್ನು ಕೇಳಿ ಅಪ್ಪ ನಕ್ಕರು, ನಾನೂ ನಕ್ಕೆ. ಅವ್ವ ನಗಲಿಲ್ಲ.

ನನ್ನದು ಪೂರಾ ಉಲ್ಟಾ. ಶಾಲೆ ತೆಲುಗು, ಆಟ ತೆಲುಗು, ಗೆಳತಿ ಪದ್ಮಳೊಡನೆ ಜಗಳವೂ ತೆಲುಗು. ಮೂರನೆಯ ವರ್ಷದ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಸೋದರಮಾವನ ಮನೆಯ ಅಡಿಗೆಮನೆಯಲ್ಲಿ ನಿಂತು, ಬಾಯಿ ತಪ್ಪಿ, "ಅತ್ತೀ, ನೀಳ್ಳು ಬೇಕು" ಅಂದಿದ್ದೆ. ನೀರಿಗೆ ನೀಳ್ಳು! ಅಷ್ಟೇ ಸಾಕಾಯಿತು. ಇಡೀ ರಜೆ ಆ ಮನೆಯ ಮಕ್ಕಳು ನನ್ನನ್ನು ನೀಳ್ಳು ಎಂದೇ ಕರೆದರು. "ನೀಳ್ಳೂ, ಊಟಕ್ಕ ಬಾ." "ನೀಳ್ಳು ಬಂದ್ಳು, ಸರೀರಿ." ನಾನು ಮಾತು ಕಡಿಮೆ ಮಾಡಿದೆ. ಅವ್ವ ಮಾತ್ರ ಆ ಹದಿನೈದು ದಿನ ಮುಂಜಾನೆಯಿಂದ ಸಂಜೆಯವರೆಗೆ ಮಾತಾಡಿದಳು. ಗಂಟಲು ಕಟ್ಟಿದರೂ ಬಿಡಲಿಲ್ಲ. ಇಲ್ಲಿ ಅವಳಿಗೆ ಬಾಯಿರಲಿಲ್ಲ, ಅಲ್ಲಿ ನನಗೆ. ಇದು ನನಗೆ ಈಗ ಹೊಳೆಯುತ್ತದೆ. ಆಗ ಗೊತ್ತಿದ್ದದ್ದು ಒಂದೇ ಮಾತು: ಧಾರವಾಡಕ್ಕೆ ವರ್ಗ ಆಗಬಾರದು.

ಮನೆ ಮಾಲೀಕರ ಹೆಂಡತಿ ಅಪ್ಪನಿಗೆ ಒಂದು ಕಂಬದ ಸುದ್ದಿ ಹೇಳಿದ್ದು ಆ ದೀಪಾವಳಿ ಕಳೆದು ಬಂದ ಏಪ್ರಿಲಿನಲ್ಲಿ. ಸಿಂಹಾಚಲದ ಗುಡಿಯಲ್ಲಿ ಕಪ್ಪಸ್ತಂಭ ಎಂಬ ಕಂಬವಿದೆ, ಅದನ್ನು ತಬ್ಬಿಕೊಂಡು ಬೇಡಿದ್ದು ಆಗಿಯೇ ಆಗುತ್ತದೆ ಎಂದು. ಅಪ್ಪ ಮನೆಗೆ ಬಂದು ಅವ್ವನಿಗೆ ಹೇಳಿದರು.

"ನಾಳೆನ ಹೋಗೂಣು," ಅಂದಳು ಅವ್ವ.

"ನಾಳೆ ಬ್ಯಾಂಕ್ ಅದ. ರವಿವಾರ ಟೂರ್ ಬಸ್ಸಿಗೆ ಹೋಗೂಣು. ಒಂದ ಟಿಕೀಟಿನಾಗ ದೇವರು, ಬುದ್ಧ, ಡಚ್ಚರು, ಸಮುದ್ರ, ಎಲ್ಲಾ ಆಗತಾವ. ಊರು ಬಿಡೂ ಮುಂದ ಒಮ್ಮೆ ನೋಡಿದಂಗೂ ಆತು."

ಊರು ಬಿಡೂ ಮುಂದ! ಆ ಮಾತಿಗೆ ಅವ್ವನ ಮುಖ ಅರಳಿತು. ಶನಿವಾರವೇ ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬೆಳಗಿಗೆ ಮೊಸರನ್ನದ ಬುತ್ತಿ ಕಟ್ಟಿದಳು. ಜೋಳದ ಹಿಟ್ಟು ಊರಿನಿಂದ ಬರುತ್ತಿದ್ದರಿಂದ ಅದನ್ನು ಅವಳು ಯಾವಾಗಲೂ ಹಿಡಿತದಲ್ಲಿ ಬಳಸುತ್ತಿದ್ದಳು. ಆ ದಿನ ಮಾತ್ರ ಧಾರಾಳವಾಗಿ ಬಡಿದಳು.

ಬಸ್ಸಿನೊಳಗೆ ಡೀಸೆಲ್ಲಿನ ವಾಸನೆಗೆ ಮಲ್ಲಿಗೆ, ಪುಳಿಹೋರವೆಂಬ ಹುಳಿಯನ್ನದ ಒಗ್ಗರಣೆ, ಯಾರೋ ಸುಲಿದ ಮೋಸಂಬಿ ಎಲ್ಲ ಸೇರಿಕೊಂಡಿತ್ತು. ಗೈಡಿನ ಹೆಸರು ಸತ್ಯಂ. ಕೊರಳ ಪಟ್ಟಿಯೊಳಗೆ ಕರವಸ್ತ್ರ, ಕೊರಳಲ್ಲಿ ಪ್ಲಾಸ್ಟಿಕ್ ಸೀಟಿ, ಕೈಯಲ್ಲಿ ಮಡಿಸಿದ ಕೊಡೆ. ಆ ಕೊಡೆಯೇ ನಮ್ಮ ಬಾವುಟ. ಅದು ಎಲ್ಲಿ ಹೋಗುತ್ತದೋ ನಾವೂ ಅಲ್ಲಿ. ಎಲ್ಲವನ್ನೂ ಅವರು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ತೆಲುಗಿನಲ್ಲಿ ಹತ್ತು ನಿಮಿಷ, ಹಿಂದಿಯಲ್ಲಿ ನಾಲ್ಕು, ಇಂಗ್ಲಿಷಿನಲ್ಲಿ "ವೆರಿ ಓಲ್ಡ್ ಟೆಂಪಲ್". ನಾವು ಕನ್ನಡದವರು ಎಂದು ತಿಳಿದ ಮೇಲೆ ನಮ್ಮ ಸೀಟಿನ ಹತ್ತಿರ ಬಂದು ತಮಗೆ ಬರುತ್ತಿದ್ದ ಒಂದೇ ಒಂದು ಕನ್ನಡ ವಾಕ್ಯವನ್ನು ಹೆಮ್ಮೆಯಿಂದ ಹೇಳಿದರು: "ಕನ್ನಡ ಗೊತ್ತಿಲ್ಲ!"

ಅವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಗೈಡು ಹೇಳುವ ಹಾಸ್ಯಕ್ಕೆ ಬಸ್ಸೆಲ್ಲ ನಗುವಾಗ ಅವ್ವನೂ ನಗುತ್ತಿದ್ದಳು, ನಾನು ಹೇಳುವುದಕ್ಕೂ ಮುಂಚೆ. ಎಲ್ಲರೂ ನಗುತ್ತಾರೆಂದು ಪಾಪ ಇವಳೂ ನಗುತ್ತಾಳೆ ಎಂದುಕೊಂಡು ನಾನು ಆಮೇಲೆ ಸಾವಕಾಶವಾಗಿ ಅರ್ಥ ಹೇಳುತ್ತಿದ್ದೆ. ಅವಳು ಇನ್ನೊಮ್ಮೆ ನಗುತ್ತಿದ್ದಳು.

ಬೆಟ್ಟದ ತಿರುವುಗಳನ್ನು ಹತ್ತಿ ಬಸ್ಸು ನಿಂತಾಗ ಸಂಪಿಗೆಯ ಘಮ. ಗುಡ್ಡದ ಹೆಂಗಸರು ಎಲೆಯಲ್ಲಿ ಸಂಪಿಗೆ, ಬುಟ್ಟಿಯಲ್ಲಿ ಅನಾನಸು, ಹಲಸಿನ ತೊಳೆ ಇಟ್ಟುಕೊಂಡು ಕೂತಿದ್ದರು. ಅವ್ವ ಎರಡು ಸಂಪಿಗೆ ಕೊಂಡು ಒಂದನ್ನು ನನ್ನ ಜಡೆಗೆ ಸಿಕ್ಕಿಸಿದಳು. ಸತ್ಯಂ ಗಾರು ಕೊಡೆ ಎತ್ತಿ, ವಿಜಯನಗರದ ರಾಯರು ದಂಡೆತ್ತಿ ಬಂದಾಗ ಈ ದೇವರಿಗೆ ನಡೆದುಕೊಂಡು ಹೋದರೆಂದೂ, ಅದರ ಶಾಸನ ಇಲ್ಲಿದೆಯೆಂದೂ ಹೇಳಿ, "ಮೀ ರಾಜುಗಾರೇ!" ಎಂದು ಅಪ್ಪನತ್ತ ಕೈ ಮಾಡಿದರು. ನಿಮ್ಮ ರಾಜರೇ ಎಂದು. ಬಸ್ಸಿನವರೆಲ್ಲ ನಮ್ಮನ್ನೇ ನೋಡಿದರು. ಅಪ್ಪ ಎದೆ ಉಬ್ಬಿಸಿದರು.

ಅವ್ವ ಮೆಲ್ಲಗೆ, "ಬಂದು ತಿರುಗಿ ಹ್ವಾದ್ನಲ್ಲ, ಪುಣ್ಯವಂತ," ಅಂದಳು.

ಗರ್ಭಗುಡಿಯಲ್ಲಿ ದೇವರು ಕಾಣಲಿಲ್ಲ. ಕಂಡದ್ದು ಗಂಧದ ದೊಡ್ಡ ಮುದ್ದೆ. ವರ್ಷವಿಡೀ ಸ್ವಾಮಿ ಗಂಧದೊಳಗೇ ಇರುತ್ತಾನೆ, ನಿಜರೂಪ ಕಾಣುವುದು ಒಂದೇ ದಿನ, ಮುಂದಿನ ತಿಂಗಳು ಬನ್ನಿ ಎಂದರು ಗೈಡು. ನಾನು ಕನ್ನಡದಲ್ಲಿ ಹೇಳಿದೆ.

"ಮುಂದಿನ ತಿಂಗಳು ನಾವು ಇಲ್ಲೆಲ್ಲಿ ಇರತೀವಿ?" ಅಂದಳು ಅವ್ವ, ಆರ್ಡರು ಕೈಗೆ ಬಂದವಳ ಹಾಗೆ.

ಕಂಬದ ಹತ್ತಿರ ಸಾಲಿತ್ತು. ಒಬ್ಬರಿಗೆ ಒಂದೇ ಕೋರಿಕೆ, ಬೇಗ ಬೇಗ ಎಂದು ಹೇಳಿ ಗೈಡು ಹೊರಗೆ ಹೋದರು. ನಮ್ಮ ಸರದಿ ಬಂದಾಗ ಅವ್ವ ನನ್ನನ್ನು ಮುಂದೆ ತಳ್ಳಿದಳು.

"ಮೊದಲ ನೀ ಬೇಡಕೊ. ಸಣ್ಣವರ ಮಾತು ದೇವರು ಲಗೂ ಕೇಳ್ತಾನ. ನಮ್ಮೂರಿಗೆ ವರ್ಗ ಆಗಲಿ ಅನ್ನು. ಆಮ್ಯಾಲೆ ನಾ ಬೇಡತೀನಿ."

ನಾನು ಕಂಬ ತಬ್ಬಿದೆ. ತಂಪಾಗಿತ್ತು. ಎಣ್ಣೆ, ಗಂಧ, ಸಾವಿರಾರು ಜನರ ಬೆವರಿನ ವಾಸನೆ. ಕೈ ಮಾತ್ರ ಅರ್ಧಕ್ಕೂ ಮುಟ್ಟಲಿಲ್ಲ. ಕೈ ಕೂಡದಿದ್ದರೆ ಕೋರಿಕೆ ಸಲ್ಲುವುದಿಲ್ಲ ಎಂದು ಪದ್ಮ ಮೊದಲೇ ಹೆದರಿಸಿದ್ದಳು. ಬಾಯಿಬಿಟ್ಟು ಬೇಡಬೇಕು, ಮನಸ್ಸಿನಲ್ಲೇ ಅಂದುಕೊಂಡರೆ ನಡೆಯುವುದಿಲ್ಲ ಎಂದೂ ಹೇಳಿದ್ದಳು.

"ಮುಟ್ಟವಲ್ತೇನು? ತಡಿ, ಆ ಕಡಿಂದ ನಾ ಹಿಡೀತೀನಿ."

ಅವ್ವ ಕಂಬದ ಆಚೆ ಹೋದಳು. ಅವಳು ಕಾಣಲಿಲ್ಲ, ಎರಡು ಕೈ ಬಂದು ನನ್ನ ಎರಡೂ ಕೈಗಳನ್ನು ಹಿಡಿದವು. ನಾನು ತುದಿಗಾಲಲ್ಲಿ ನಿಂತು, ಕೆನ್ನೆಯನ್ನು ಕಂಬಕ್ಕೆ ಒತ್ತಿ, ಅವ್ವನಿಗೆ ತಿಳಿಯದ ಭಾಷೆಯಲ್ಲಿ ಬೇಡಿದೆ: "ಮೇಮು ಇಕ್ಕಡೇ ಉಂಡಾಲಿ ಸ್ವಾಮೀ. ಟ್ರಾನ್ಸ್‌ಫರ್ ರಾಕೂಡದು." ನಾವು ಇಲ್ಲೇ ಇರಬೇಕು, ವರ್ಗ ಬರಬಾರದು. ಸ್ವಾಮಿ ಹೇಗೂ ತೆಲುಗಿನವನು, ಅವನಿಗೆ ತಿಳಿದರೆ ಸಾಕು.

ಆಚೆ ಕಡೆಯ ಕೈಗಳು ಒಂದು ಗಳಿಗೆ ಬಿಗಿಯಾದವು. ಅವ್ವನೂ ನನ್ನ ಜೊತೆಗೇ ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಹೊರಗಿನಿಂದ ಸೀಟಿ. "ಬಸ್ ಬಯಲುದೇರುತೋಂದಿ!" ಬಸ್ಸು ಹೊರಟಿತು ಎಂದು ಸತ್ಯಂ ಗಾರು ಕೂಗಿದರು. ಹಿಂದಿನವರು ನೂಕಿದರು. ಅವ್ವ ಬಂದು ಕಂಬವನ್ನು ಒಮ್ಮೆ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಆತೇನು?" ಅಂದಳು. ನಾನು ಹೂಂ ಅಂದೆ. ನನ್ನ ಜಡೆಯ ಸಂಪಿಗೆ ಕಂಬಕ್ಕೆ ಒತ್ತಿ ಕಂದಿಹೋಗಿತ್ತು.

ಆಮೇಲಿನ ದಿನ ನನಗೆ ಪೂರ್ತಿಯಾಗಿ ನೆನಪಿಲ್ಲ. ಕಳ್ಳಿಗೆ ಊರು ನೋಡುವ ಮನಸ್ಸೆಲ್ಲಿ? ಬುದ್ಧನ ಬೆಟ್ಟದ ಇಟ್ಟಿಗೆ ಕಟ್ಟೆಗಳ ಮೇಲೆ ಬಿಸಿಲು ಕಾದಿತ್ತು, ಗಾಳಿಗೆ ರೊಟ್ಟಿಯ ಚೂರು ಹಾರಿಹೋಗುತ್ತಿತ್ತು. ಪಕ್ಕದ ಸೀಟಿನವರು ಪುಳಿಹೋರ ಕೊಟ್ಟು ನಮ್ಮ ಚಟ್ನಿ ತಿಂದು ಕಣ್ಣೀರು ಒರೆಸಿಕೊಂಡರು. ಭೀಮುನಿಪಟ್ಟಣದಲ್ಲಿ ಡಚ್ಚರ ಸಮಾಧಿಗಳು. ಹುಲ್ಲಿನ ನಡುವೆ ಕಪ್ಪು ಕಲ್ಲು, ಓದಲಾಗದ ಅಕ್ಷರ. ವ್ಯಾಪಾರಕ್ಕೆ ಬಂದು ಇಲ್ಲೇ ತೀರಿಕೊಂಡವರು ಎಂದರು ಗೈಡು. ಅವ್ವ ಒಂದು ಗಿಡ್ಡ ಕಲ್ಲಿನ ಮೇಲಿನ ಎಲೆ ಸರಿಸಿದಳು.

"ಪಾಪ, ಇವರಿಗೂ ವರ್ಗ ಸಿಗಲಿಲ್ಲ," ಅಂದಳು.

ಅಪ್ಪ ನಗುತ್ತಾರೇನೋ ಎಂದು ನೋಡಿದೆ. ಅವರು ಸಮುದ್ರದ ಕಡೆ ತಿರುಗಿಕೊಂಡಿದ್ದರು. ನನಗೆ ಅಳು ಬಂತು. ಬೇಡಿದ್ದನ್ನು ವಾಪಸು ತೆಗೆದುಕೊಳ್ಳಬಹುದೇ ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಕೊನೆಗೆ ಋಷಿಕೊಂಡ. ಆಗ ಅಲ್ಲಿ ಗುಡ್ಡ, ಮರಳು ಮತ್ತು ನೀರು ಮಾತ್ರ. ಇಳಿಬಿಸಿಲಿನಲ್ಲಿ ಅವ್ವ ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು, ಮೂರು ವರ್ಷದಲ್ಲಿ ಮೊದಲ ಸಲ. ಬಸ್ಸಿಳಿಯುವಾಗ ಸತ್ಯಂ ಗಾರು ಮತ್ತೆ "ಕನ್ನಡ ಗೊತ್ತಿಲ್ಲ!" ಅಂದರು. ಅವ್ವ ಕೈ ಮುಗಿದು, "ವೆಳ್ಳೊಸ್ತಾಮಂಡಿ" ಅಂದಳು, ಹೋಗಿ ಬರುತ್ತೇವೆ ಎಂದು. ಅಪ್ಪ, "ಅಡ್ಡಿಯಿಲ್ಲ, ಒಂದ ಮಾತರೆ ಕಲ್ತಿ!" ಎಂದು ಛೇಡಿಸಿದರು.

ಹದಿನೈದು ದಿನಕ್ಕೆ ಆರ್ಡರು ಬಂತು. ಧಾರವಾಡಕ್ಕಲ್ಲ, ಇಲ್ಲೇ ಉಳಿಯಲೂ ಅಲ್ಲ. ವಿಜಯವಾಡಕ್ಕೆ! "ಹುಬ್ಬಳ್ಳಿ ಗಾಡಿ ಅಲ್ಲಿಂದನ ಹೊರಡತದ, ಅಷ್ಟರೆ ಹತ್ರ ಆತಲ್ಲ," ಎಂದು ಅಪ್ಪ ಸಮಾಧಾನ ಹೇಳಿದರು. ನಾನು ಪದ್ಮಳನ್ನು ತಬ್ಬಿ ಅತ್ತೆ. ಅವ್ವ ಅಳಲಿಲ್ಲ. ವಿಜಯವಾಡದ ಮನೆ ಸೇರಿದ ವಾರದಲ್ಲೇ ಆ ಎರಡು ಪೆಟ್ಟಿಗೆಗಳನ್ನು ಒಡೆಸಿ ಬಚ್ಚಲ ಒಲೆಗೆ ಹಾಕಿಸಿದಳು. ನೆರೆಯವರೊಡನೆ ಮೊದಲ ದಿನದಿಂದಲೇ ತೆಲುಗಿನಲ್ಲಿ ಮಾತಿಗೆ ನಿಂತಳು. ಇಷ್ಟು ಬೇಗ ಎಲ್ಲಿ ಕಲಿತಳು ಎಂದು ನಾನೂ ಅಪ್ಪನೂ ಬೆರಗಾದೆವು. ಹುಬ್ಬಳ್ಳಿ ಗಾಡಿ ಹೊರಡುವ ಹೊತ್ತಿಗೆ ಮಾತ್ರ ಒಮ್ಮೆ ಗಡಿಯಾರ ನೋಡುತ್ತಿದ್ದಳು. ಆ ರೂಢಿ ಕೊನೆಯವರೆಗೂ ಹೋಗಲಿಲ್ಲ. ಅವಳು ಹಾಗೆ ನೋಡಿದಾಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಕಂಬದ ಹತ್ತಿರ ಬೇಡಿದ್ದನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಹೇಳಿದವಳು ಅವಳೇ, ಎಷ್ಟೋ ವರ್ಷದ ಮೇಲೆ. ನನ್ನ ಮದುವೆ ವಿಶಾಖಪಟ್ಟಣದ ತೆಲುಗು ಮನೆತನದಲ್ಲಿ ಗೊತ್ತಾಗಿತ್ತು. ಇಬ್ಬರೂ ಅಡಿಗೆಮನೆಯಲ್ಲಿ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆವು.

"ಅಂತೂ ನೀ ಬೇಡಿದ ಊರು ನಿನಗ ಕೊಟ್ಟ ನೋಡು ಸಿಂಹಾಚಲದ ಸ್ವಾಮಿ."

"ನಾ ಯಾವಾಗ ಬೇಡಿದ್ದೆ?"

"ಕಂಬ ಹಿಡಕೊಂಡು." ಅವ್ವ ನನ್ನ ಒಂಬತ್ತು ವರ್ಷದ ದನಿಯನ್ನು ಅಣಕಿಸಿದಳು. "ಟ್ರಾನ್ಸ್‌ಫರ್ ರಾಕೂಡದು!"

ನನ್ನ ಕೈಯ ಉಂಡಿ ಪುಡಿಯಾಯಿತು. "ಆವಾಗ ನಿನಗ ತೆಲುಗು ತಿಳೀತಿತ್ತೇನು?"

"ಮೂರು ವರ್ಷ ಬಾಯಿ ಮುಚ್ಚಿದ್ದೆ. ಕಿವಿ ಮುಚ್ಚಿದ್ನೇನು?"

"ಮತ್ತ ನೀ ಏನ ಬೇಡಿದಿ?"

"ನಾ ಬೇಡೂದರಾಗ ಆ ಪುಣ್ಯಾತ್ಮ ಸೀಟಿ ಹೊಡದಾ."

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. "ಕೇಳಿದ ಮ್ಯಾಲೂ ನನ್ನ ಕೈ ಯಾಕ ಬಿಡಲಿಲ್ಲ?"

ಅವ್ವ ಪುಡಿಯಾದ ಉಂಡಿಯನ್ನು ಒಟ್ಟು ಮಾಡಿ ಮತ್ತೆ ಕಟ್ಟುತ್ತ ಅಂದಳು: "ಹೆಂಗ ಬಿಡಲಿ? ತುದಿಗಾಲ ಮ್ಯಾಲೆ ನಿಂತಿದ್ದಿ. ಬಿಟ್ಟಿದ್ರ ಬೀಳತಿದ್ದಿ."

ಈಗ ನನ್ನ ಮನೆ ಪೆಂದುರ್ತಿಯಲ್ಲಿದೆ, ಸಿಂಹಾಚಲ ಮಗ್ಗುಲಿಗೇ ಇದೆ. ಋಷಿಕೊಂಡದ ಗುಡ್ಡಗಳ ಮೇಲೆ ಗಾಜಿನ ಆಫೀಸುಗಳು ಎದ್ದಿವೆ. ಟೂರ್ ಬಸ್ಸುಗಳು ಇವತ್ತಿಗೂ ಬೆಟ್ಟ ಹತ್ತುತ್ತವೆ, ಯಾರೋ ಸೀಟಿ ಊದುತ್ತಾರೆ. ಅವ್ವ ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಕನ್ನಡ ಆಡಲು ನನಗೆ ಯಾರೂ ಇಲ್ಲ. ಮಗಳಿಗೆ ಕಲಿಸಬಹುದಿತ್ತು, ಇವತ್ತು ನಾಳೆ ಎನ್ನುತ್ತ ಕಲಿಸಲಿಲ್ಲ. ಈ ತಪ್ಪನ್ನು ಯಾವ ಊರಿನ ಮೇಲೂ ಹಾಕಲಾರೆ.

ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಹೋಗಿ ಆ ಕಂಬವನ್ನು ಮತ್ತೆ ತಬ್ಬಿದೆ. ಅದೇ ತಂಪು, ಅದೇ ಗಂಧ. ಆಚೆ ಕಡೆ ನನ್ನ ಬೆರಳುಗಳು ಒಂದಕ್ಕೊಂದು ತಾಗಿದವು. ಯಾರೂ ಹಿಡಿಯಬೇಕಾಗಲಿಲ್ಲ. ಕೆನ್ನೆ ಒತ್ತಿ, ಧಾರವಾಡದ ಕನ್ನಡದಲ್ಲಿ, ಗಟ್ಟಿಯಾಗಿಯೇ ಬೇಡಿದೆ. ಅವ್ವ ಬೇಡಲಾಗದೆ ಬಿಟ್ಟುಬಂದದ್ದನ್ನೂ ಸೇರಿಸಿ ಬೇಡಿದೆ.

"ಏಂ ಕೋರುಕುನ್ನಾವಮ್ಮಾ?" ಏನು ಬೇಡಿಕೊಂಡೆಯೆಂದು ಮಗಳು ಕೇಳಿದಳು.

"ಏಮೀ ಲೇದು," ಅಂದೆ. ಏನೂ ಇಲ್ಲ.

ಅವಳು ನಂಬಿದಳು. ಪಕ್ಕದಲ್ಲೇ ನಿಂತು ಅಷ್ಟೂ ಕೇಳಿಸಿಕೊಂಡಿದ್ದಳು, ಒಂದು ಮಾತೂ ತಿಳಿದಿರಲಿಲ್ಲ.