ಪಾಸ್‌ವರ್ಡ್ ಬರೆದಿದ್ದ ಮೇಲ್

ಚನ್ನಪಟ್ಟಣದಲ್ಲಿ ನಮ್ಮದು ಬಣ್ಣದ ಗೊಂಬೆ ಮಾಡುವ ಸಣ್ಣ ಕಾರ್ಖಾನೆ. ಆರ್ಡರ್‌ಗಳು ಮೇಲ್‌ನಲ್ಲಿ ಬರುತ್ತವೆ, ಅದನ್ನು ನೋಡಿಕೊಳ್ಳುವವಳು ನಾನು. ಬೆಳಿಗ್ಗೆ ತೆರೆದರೆ ಸೀರೆ ಅಂಗಡಿ, ಜಾತಕ, ಲಾಟರಿ ಅಂತ ಬೇಡದವುಗಳದೇ ರಾಶಿ. ಒಂದು ಬುಧವಾರ ಅವನ್ನು ಅಳಿಸುತ್ತಿದ್ದಾಗ ಕೈ ನಿಂತುಬಿಟ್ಟಿತು. ಒಂದು ಮೇಲ್‌ನ ತಲೆಬರಹದಲ್ಲಿ ನನ್ನ ಪಾಸ್‌ವರ್ಡ್ ಇತ್ತು.

ನಿನ್ನ ಕ್ಯಾಮೆರಾದಿಂದಲೇ ನಿನ್ನ ವಿಡಿಯೋ ತೆಗೆದಿದ್ದೇನೆ, ಕೇಳಿದಷ್ಟು ಹಣ ಕೊಡದಿದ್ದರೆ ಮೂರು ದಿನದಲ್ಲಿ ನಿನ್ನ ಪರಿಚಯದವರಿಗೆಲ್ಲ ಕಳಿಸುತ್ತೇನೆ ಎಂದು ಯಾರೋ ಒಬ್ಬ ಬರೆದಿದ್ದ.

ನಾನು ತಪ್ಪೇನೂ ಮಾಡಿರಲಿಲ್ಲ. ಆದರೆ ಲ್ಯಾಪ್‌ಟಾಪ್ ಇರುವುದು ಮಲಗುವ ಕೋಣೆಯಲ್ಲಿ, ನಾನು ಸೀರೆ ಬದಲಿಸುವುದೂ ಅಲ್ಲೇ. ಹಣೆಯ ಸ್ಟಿಕ್ಕರ್ ಕಿತ್ತು ಕ್ಯಾಮೆರಾಗೆ ಅಂಟಿಸಿದೆ.

ಅತ್ತೆ ಕೋಣೆಗೆ ಬಂದವರು ಕೇಳಿದರು. "ಅದಕ್ಯಾಕವ್ವ ಬೊಟ್ಟು ಇಕ್ಕಿದ್ದೀಯ? ನಿನ್ ಹಣೆ ನೋಡು, ಬೋಳಾಗೈತೆ."

ಏನೋ ಹೇಳಿ ತಪ್ಪಿಸಿಕೊಂಡೆ. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಅವರು ನಂಬದಿದ್ದರೆ? ಅವರ ಫೋನ್ ಸದ್ದು ಮಾಡಿದಾಗಲೆಲ್ಲ ಮುಖ ನೋಡುತ್ತಿದ್ದೆ, ಏನಾದರೂ ಬಂತೇನೋ ಎಂದು.

ಮರುದಿನ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ರಾಮನಗರದ ಬಸ್ಸು ಹತ್ತಿದೆ. ನನ್ನ ನಾದಿನಿ ಅಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಮೇಲ್ ಓದಿ, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಇದು ಸುಳ್ಳು ಅತ್ತಿಗೆ. ಇದೇ ಕಾಗ್ದಾನ ಊರೋರಿಗೆಲ್ಲ ಕಳಿಸ್ತಾರೆ."

"ಪಾಸ್‌ವರ್ಡ್ ಹೆಂಗ್ ಗೊತ್ತಾಯ್ತು?"

"ಅದನ್ನ ಎಲ್ಲೆಲ್ಲಿ ಕೊಟ್ಟಿದ್ರಿ?"

ಯೋಚಿಸಿದರೆ ಎಲ್ಲ ಕಡೆಯೂ ಅದನ್ನೇ ಕೊಟ್ಟಿದ್ದೆ. ಅವುಗಳಲ್ಲಿ ಯಾವುದೋ ಒಂದು ಸೈಟಿನಿಂದ ಸೋರಿದೆ ಎಂದಳು. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇಡಿಸಿದಳು. ಗೊತ್ತಿರುವ ಅಂಗಡಿಗಳ ಜಾಹೀರಾತು ಮೇಲ್‌ಗಳು ಇನ್ನು ಬಾರದಂತೆ ಮಾಡಿದಳು. ಗೊತ್ತಿಲ್ಲದವರದ್ದಾದರೆ ಉತ್ತರ ಕೊಡಬಾರದು, ಒಳಗಿನ ಲಿಂಕ್ ಒತ್ತಬಾರದು, ಸ್ಪ್ಯಾಮ್ ಎಂದು ಗುರುತು ಹಾಕಿ ದೂಡಬೇಕು ಎಂದಳು. ಸಿಕ್ಕಸಿಕ್ಕಲ್ಲಿ ಕೊಡಲು ಬೇರೊಂದು ಮೇಲ್ ವಿಳಾಸ ಮಾಡಿಕೊಟ್ಟಳು.

ಕೊನೆಗೆ ಮೆಲ್ಲಗೆ ಹೇಳಿದಳು. "ನಂಗೂ ಬಂದಿತ್ತು. ಪಾಠ ಮಾಡೋಳು ನಾನು, ಒಂದು ವಾರ ಯಾರಿಗೂ ಹೇಳಿರ್ಲಿಲ್ಲ."

ಅವಳನ್ನು ನಂಬಿದೆ. ಆದರೂ ಅವನು ಹೇಳಿದ ಮೂರನೇ ದಿನ, ಶನಿವಾರ, ಗಂಡನ ಫೋನ್ ಸದ್ದಾದಾಗಲೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದೆ. ಏನೂ ಆಗಲಿಲ್ಲ. ಭಾನುವಾರ ಗಂಡನಿಗೆ ಎಲ್ಲ ಹೇಳಿದೆ. ಅವರು "ಮೊದ್ಲೇ ಯಾಕ್ ಹೇಳ್ನಿಲ್ಲ?" ಎಂದರು, ಅಷ್ಟೇ.

ಸೋಮವಾರ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುವ ಹೆಂಗಸರಿಗೂ ಹೇಳಿದೆ, ಇಂಥದ್ದು ಬಂದರೆ ಹೆದರಬೇಡಿ ಎಂದು. ಎಲ್ಲರೂ ತಲೆಯಾಡಿಸಿದರು. ಮಧ್ಯಾಹ್ನ ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಕೈಯಲ್ಲಿ ಫೋನ್ ಹಿಡಿದು ನನ್ನ ಬಳಿ ಬಂದು ನಿಂತಳು.

"ಅಕ್ಕ, ಒಸಿ ಇದ್ ನೋಡ್ತೀರಾ?" ಎಂದಳು. ಫೋನಿನಲ್ಲಿ ಅಂಥದ್ದೇ ಒಂದು ಮೇಲ್ ತೆರೆದಿತ್ತು.