ಮಿಸರದ ಕಣ್ಣು

ಹುಬ್ಬಳ್ಳಿ ಪೇಟೆಯಲ್ಲಿ ನಮ್ಮ ಮನೆಯವರು ನೆಚ್ಚಿದ್ದ ಸರಾಫರು ಯಾವ ನಾಣ್ಯವನ್ನೂ ಮೊದಲು ನೋಡುತ್ತಿರಲಿಲ್ಲ. ಕಲ್ಲಿನ ಮೇಲೆ ಬಡಿದು, ತಲೆ ವಾಲಿಸಿ ಕೇಳುತ್ತಿದ್ದರು. "ಕಣ್ಣು ಮೋಸ ಹೋಗ್ತಾವ್ರಿ, ಕಿವಿ ಹೋಗಂಗಿಲ್ಲ" ಎನ್ನುವುದು ಅವರ ಮಾತು. ನಾಣ್ಯ ಖಣ್ ಎಂದರೂ ಕೊಟ್ಟವನ ಮುಖವನ್ನು ಒಮ್ಮೆ ನೋಡದೆ ಬಿಡುತ್ತಿರಲಿಲ್ಲ.

ಯುದ್ಧಕ್ಕೆ ಹೋಗಿದ್ದ ನಮ್ಮ ಕಾಕಾ ಈಜಿಪ್ಟಿನಿಂದ, ಅಂದರೆ ಮಿಸರದಿಂದ, ಒಂದು ಸ್ಮಾರಕ ನಾಣ್ಯ ತಂದಿದ್ದರು. ಅದರ ಮೇಲೆ ಅಲ್ಲಿಯ ಪ್ರಾಚೀನರು ರಕ್ಷೆಯೆಂದು ನಂಬಿದ್ದ, ಕಾಡಿಗೆ ತೀಡಿದಂಥ ಒಂದೇ ಕಣ್ಣು. ಬೆಳ್ಳಿಯದೇ ಎಂದು ಕಾಕಾನ ಹಟ. ಪರೀಕ್ಷೆ ಮಾಡಿಸಲು ನನ್ನನ್ನು ಕಳಿಸಿದರು.

ಸರಾಫರು ಬಡಿದರು. ಅದು ಟಪ್ ಎಂದಿತು.

"ಖೋಟಾ ಐತ್ರಿ. ಮನ್ಯಾಗ ಇಡಬ್ಯಾಡ್ರಿ, ಇಲ್ಲೇ ಬಿಟ್ಟು ಹೋಗ್ರಿ."

ಬಿಟ್ಟು ಬಂದೆ. ದಾರಿಯಲ್ಲೇ ಅನುಮಾನ ಹತ್ತಿತು: ಖೋಟಾ ಆದರೆ ಅವರಿಗೇಕೆ ಬೇಕು? ಮರುದಿನ ಹೋದರೆ ಅದನ್ನು ತಮ್ಮ ಗಾದಿಯ ಮೇಲಿನ ಗೋಡೆಗೆ ಜಡಿದಿದ್ದರು, ಕಣ್ಣು ಗಿರಾಕಿಗಳ ಕಡೆಗೆ.

"ಖೋಟಾ ಅಂದಿದ್ರಲ್ರಿ?"

"ನಾಣ್ಯ ಖೋಟಾನ ಐತ್ರಿ. ಕಣ್ಣು ಖರೇ ಐತಿ. ನಾ ಕಿವಿಗೊಟ್ಟು ಕೂತಾಗ ಮಂದಿ ಕೈ ನೋಡಾಕ ಯಾರರ ಬೇಕಲ್ರಿ?"

ಗೋಡೆಯ ಕಣ್ಣು ನನ್ನನ್ನೇ ನೋಡುತ್ತಿತ್ತು; ನಾನು ಮೆಲ್ಲಗೆ ಜೇಬಿನಿಂದ ಕೈ ಹೊರತೆಗೆದೆ.